ಡೈರಿ ಇಟ್ಟ ಸುದ್ದಿ

ಹೊಸ ಡೈರಿಯ ಮೊದಲ ಪುಟ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ಬಳ್ಳಾರಿಯಲ್ಲಿ ಇರಲಾರರು. ಹೆಸರು, ವಿಳಾಸ, ರಕ್ತದ ಗುಂಪು, ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು ಎಂಬುದನ್ನೆಲ್ಲ ಒಂದು ಅಕ್ಷರವೂ ಸೊಟ್ಟಗಾಗದಂತೆ ಬರೆದುಬಿಡುತ್ತೇನೆ. ತೊಂದರೆ ಶುರುವಾಗುವುದು ಎರಡನೆಯ ಪುಟದಿಂದ. ಮೊದಲ ಪುಟ ಕೇಳುವುದು ವಿಳಾಸವನ್ನು, ಎರಡನೆಯದು ಕೇಳುವುದು ಬದುಕನ್ನು. ವಿಳಾಸವಾದರೆ ನನಗೆ ಬಾಯಿಪಾಠ. ಹಾಗಂತ ನಮ್ಮ ಮನೆಯಲ್ಲಿ ಹಳೆಯ ಡೈರಿಗಳು ವ್ಯರ್ಥವಾಗಿವೆ ಎಂದು ಯಾರೂ ತಿಳಿಯಬಾರದು. ಒಂದು ಡೈರಿ ಫ್ರಿಜ್ಜಿನ ಅಲುಗಾಡುವ ಕಾಲಿನ ಕೆಳಗೆ ವರ್ಷಗಳಿಂದ ನಿಷ್ಠೆಯಿಂದ ಸೇವೆ ಸಲ್ಲಿಸುತ್ತಿದೆ. ಇನ್ನೊಂದರಲ್ಲಿ ನನ್ನ ಹೆಂಡತಿ ಶಾರದಾ ಉಪ್ಪಿನಕಾಯಿಗಳ ಅಳತೆ ಬರೆದಿಟ್ಟಿದ್ದಾಳೆ. ನಮ್ಮ ಮನೆಯ ಡೈರಿಗಳಲ್ಲಿ ಜನ ಕೇಳಿ ಪಡೆದು ಓದುವುದು ಅದೊಂದನ್ನೇ.

ಆದರೆ ಈ ಸಲ ನನಗೆ ಡೈರಿ ನಿಜವಾಗಿಯೂ ಬೇಕಾಗಿತ್ತು. ಅದಕ್ಕೆ ಕಾರಣ ಸಿರುಗುಪ್ಪದಲ್ಲಿರುವ ನನ್ನ ಅಕ್ಕ, ಗೌರಕ್ಕ. ನಾನು ಕುರುಗೋಡಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. ಮನೆ ಇರುವುದು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತೇನೆ. ಬಂದು ಚಹ ಕುಡಿದು ಅಕ್ಕನಿಗೆ ಫೋನು ಮಾಡುವುದು ಎಷ್ಟೋ ವರ್ಷಗಳ ಅಭ್ಯಾಸ. ಅಕ್ಕ ಹೆಚ್ಚು ಮಾತಿನವಳಲ್ಲ. ಅವಳಲ್ಲಿ ಇದ್ದದ್ದು ಒಂದೇ ಮಾತು: "ಮತ್ತ?" ನಮ್ಮ ಕಡೆಯ ಈ "ಮತ್ತ?" ಎಂಬ ಪ್ರಶ್ನೆಯ ಮಹಿಮೆ ನಮ್ಮ ಕಡೆಯವರಿಗೇ ಗೊತ್ತು. "ಏನಿಲ್ಲಕ್ಕ" ಅಂದರೆ ಆಕೆ "ಮತ್ತ?" ಅನ್ನುತ್ತಿದ್ದಳು. "ಬಸ್ಸು ತಡ ಆತು" ಅಂದರೆ "ಮತ್ತ?" ಅಷ್ಟಕ್ಕೇ ಆ ಬಸ್ಸಿನಲ್ಲಿ ಕೂತಿದ್ದವರೆಲ್ಲ ಸಾಲಾಗಿ ನನ್ನ ಬಾಯಿಂದ ಇಳಿದು ಬರುತ್ತಿದ್ದರು.

ಈಚೆಗೆ ಅಕ್ಕನ ಕಿವಿ ಮಂದವಾಯಿತು. ಮಗ ಕಿವಿಯ ಮಿಷನ್ನು ತಂದುಕೊಟ್ಟರೆ, "ಅದನ್ನ ಹಾಕ್ಕೊಂಡ್ರ ಸೊಸಿ ಗೊಣಗಾದೂ ಕೇಳಸ್ತೈತಿ, ಮನ್ಯಾಗ ಜಗಳ ಆಗತೈತಿ, ಬ್ಯಾಡಪ್ಪ" ಎಂದು ಡಬ್ಬಿಯಲ್ಲೇ ಇಟ್ಟಳು. ಹೀಗಾಗಿ ನಮ್ಮ ಸಂಜೆಯ ಮಾತು ಸವೆದು ಸವೆದು "ಊಟ ಆತಾ?", "ಆತು!" ಎಂಬಲ್ಲಿಗೆ ಬಂದು ನಿಂತಿತು. ಆ "ಆತು" ಎಂಬುದನ್ನೂ ನಾನು ಎಷ್ಟು ಗಟ್ಟಿಯಾಗಿ ಹೇಳಬೇಕಾಗಿತ್ತೆಂದರೆ, ನನ್ನ ಊಟ ಆಯಿತೋ ಇಲ್ಲವೋ ಎಂಬುದು ಇಡೀ ಓಣಿಗೆ ತಿಳಿಯುತ್ತಿತ್ತು. ಹೇಳದೆ ಉಳಿದ ದಿನಗಳು ಹೊಟ್ಟೆಯಲ್ಲಿ ಕೂತು ಉಬ್ಬರಿಸತೊಡಗಿದವು. ಶಾರದಾಳಿಗೆ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವಳಿಗೆ ಹೇಳಿದರೆ "ನೀವು ಹಿಂಗ ಮಾಡಬೇಕಿತ್ತು" ಎಂಬ ತೀರ್ಪು ಕೂಡಲೇ ಬರುತ್ತದೆ. ಅಕ್ಕ ತೀರ್ಪು ಕೊಡುವವಳಲ್ಲ, ಮುಂದಿನದನ್ನು ಕೇಳುವವಳು. ಅವಳನ್ನು ಕಳೆದುಕೊಳ್ಳುತ್ತಿದ್ದೇನೆಂದು ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು. ಹೋಗಲಿ, ಕಾಗದಕ್ಕಾದರೂ ಹೇಳೋಣ ಎಂದು ಡೈರಿ ತೆರೆದೆ.

ತೆರೆದ ಮೇಲೆ ತಿಳಿಯಿತು, ಡೈರಿ ಬರೆಯುವುದಕ್ಕೂ ಈಗ ನಾನಾ ಪದ್ಧತಿಗಳಿವೆಯೆಂದು. ಮೊದಲು ನನ್ನದೇ ಪದ್ಧತಿ. "ಎದ್ದೆ. ಸ್ನಾನ. ಬಸ್ಸು. ಕುರುಗೋಡು. ಬಸ್ಸು. ಊಟ." ಮರುದಿನ ನೋಡಿದರೆ ಬರೆಯುವುದಕ್ಕೆ ಅದೇ ಇತ್ತು. "ನಿನ್ನೆಯಂತೆ" ಎಂದು ಬರೆದೆ. ಅದರ ಮರುದಿನ ಆ ಪದದ ಕೆಳಗೆ ಎರಡು ಚುಕ್ಕೆ ಹಾಕಿದೆ. ನನ್ನ ಬದುಕು ಇಷ್ಟು ಬೇಗ ಚುಕ್ಕೆಗೆ ಇಳಿಯುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಆಮೇಲೆ ಯಾರೋ ಫೋನಿನಲ್ಲಿ ಕಳಿಸಿದ ವಿಡಿಯೋ ನೋಡಿ ಕೃತಜ್ಞತೆಯ ಡೈರಿ ಹಿಡಿದೆ. ದಿನಾ ಯಾರಿಗಾದರೂ ಧನ್ಯವಾದ ಬರೆಯಬೇಕಂತೆ. ಸೀಟು ಕೊಡಿಸಿದ ಕಂಡಕ್ಟರಿಗೆ ಬರೆದೆ, ಮಂಡಕ್ಕಿ ಒಗ್ಗರಣಿಯ ಜೊತೆ ಬಂದ ಮಿರ್ಚಿ ಬಜ್ಜಿಗೆ ಬರೆದೆ, ಕೊನೆಗೆ ಯಾರೂ ಸಿಗದೆ ಫ್ರಿಜ್ಜಿನ ಕೆಳಗಿದ್ದ ಹಳೆಯ ಡೈರಿಗೆ ಬರೆದೆ. ಬೆಳಿಗ್ಗೆ ಎದ್ದು ಪೆನ್ನೆತ್ತದೆ ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯುವುದು ಇನ್ನೊಂದು ಪದ್ಧತಿ. ಬೆಳಿಗ್ಗೆ ನನ್ನ ಮನಸ್ಸಿಗೆ ಬರುವುದು "ಇನ್ನೊಂದು ಸ್ವಲ್ಪ ಮಲಗಬೇಕಿತ್ತು" ಎಂಬುದೊಂದೇ. ಪುಟ ತುಂಬ ಅದನ್ನೇ ಬರೆದು, ಅದನ್ನು ಓದಿ ನನಗೆ ನಿದ್ದೆ ಬಂದು, ಬಸ್ಸು ತಪ್ಪಿತು. ಬ್ರೂಸ್‌ಪೇಟೆಗೆ ಹೋಗಿ ಬಣ್ಣ ಬಣ್ಣದ ಪೆನ್ನು ತಂದು ಚೌಕ ಹಾಕಿ, ಖುಷಿಗೆ ಹಸಿರು, ಬೇಸರಕ್ಕೆ ಕೆಂಪು ಎಂದು ತುಂಬುವ ಪದ್ಧತಿಯನ್ನೂ ನೋಡಿದೆ. ಸ್ಕೇಲು ಹಿಡಿದು ಗೆರೆ ಎಳೆಯುವಾಗ ಬಹಳ ಖುಷಿಯಾಯಿತು. ಗೆರೆ ಎಳೆದಾದ ಮೇಲೆ ತುಂಬುವುದಕ್ಕೆ ಆ ಖುಷಿಯೊಂದೇ ಇತ್ತು. ಶಾರದಾ ಬಗ್ಗಿ ನೋಡಿ, "ಯಾರಿಗ್ರಿ ಇಷ್ಟು ಕಡಿಮಿ ಮಾರ್ಕ್ಸು?" ಎಂದು ಕೇಳಿದಳು.

ಆದರೂ ನಾನು ಸುಮ್ಮನಿರಲಿಲ್ಲ. ನನಗೆ ಸರಿಹೊಂದುವ ಪದ್ಧತಿ ಎಲ್ಲೋ ಇದ್ದೇ ಇರಬೇಕೆಂಬ ಕುತೂಹಲ ಹತ್ತಿಬಿಟ್ಟಿತ್ತು. ಮಾತಾಡಿದರೆ ಫೋನೇ ಬರೆದುಕೊಳ್ಳುತ್ತದೆ ಎಂದು ತಿಳಿದು, ಒಂದು ಸಂಜೆ ಬಸ್ಸಿನಲ್ಲಿ ಅದನ್ನೂ ಹಿಡಿದೆ. ಅಂದು ತರಗತಿಯಲ್ಲಿ ಒಂದು ಘಟನೆ ನಡೆದಿತ್ತು. ಗಾಳಿಯ ಒತ್ತಡ ತೋರಿಸಲು ತುಂಬಿದ ಲೋಟದ ಮೇಲೆ ರಟ್ಟು ಇಟ್ಟು ತಲೆಕೆಳಗು ಮಾಡಿದ್ದೆ. ನೀರು ಬೀಳಬಾರದು. ಬೀಳಲೂ ಇಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಸದ್ದು ಕೇಳಿ ನಮ್ಮ ಹೆಡ್‌ಮೇಡಂ ಒಳಗೆ ಬಂದರು. ಅವರಿಗೂ ತೋರಿಸೋಣವೆಂದು ಲೋಟ ಹಿಡಿದು ಹತ್ತಿರ ಹೋದೆ. ಇಷ್ಟನ್ನು ಫೋನಿಗೆ ಹೇಳಿ, ಏನು ಬರೆದುಕೊಂಡಿದೆ ನೋಡೋಣವೆಂದು ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಬುಟ್ಟಿ ಹಿಡಿದು ಕೂತಿದ್ದ ಹೆಂಗಸು ಮುಂದಕ್ಕೆ ಬಾಗಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, "ತರವಾತ ಏನಾತ್ರಿ?" ಎಂದಳು. ಬಸ್ಸಿನ ಹಿಂಭಾಗವೆಲ್ಲ ಮಾತು ನಿಲ್ಲಿಸಿ ಕಾಯುತ್ತಿತ್ತು. ಉಳಿದದ್ದನ್ನು ಅವರಿಗೇ ಹೇಳಿದೆ. ಮೇಡಂ ಅವರ ಹೊಸ ಸೀರೆ ಪೂರ್ತಿ ನೆನೆದ ಭಾಗಕ್ಕೆ ಡ್ರೈವರ್ ಕೂಡ ನಕ್ಕ. ಮನೆಗೆ ಬರುವಾಗ ಬಹಳ ದಿನಗಳ ಮೇಲೆ ಹೊಟ್ಟೆ ಹಗುರಾಗಿತ್ತು. ಫೋನಿನಲ್ಲಿ ನೋಡಿದರೆ ನನ್ನ ಬಳ್ಳಾರಿ ಕನ್ನಡ ಅದಕ್ಕೆ ಹಿಡಿಸಿರಲಿಲ್ಲ. "ಹೇಳಾಕ ಹೋಗಿದ್ದೆ" ಎಂದದ್ದು "ಹೇಳು ಹಾಕಿ ಹೋಗಿದೆ" ಎಂದು ಕೂತಿತ್ತು. ಆ ಪದ್ಧತಿಯನ್ನೂ ಕೈಬಿಟ್ಟೆ.

ಈ ಸೋಲುಗಳ ನಡುವೆ ಅಕ್ಕನಿಗೆ ಏನಾದರೂ ಹೊಸ ಸುದ್ದಿ ಹೇಳಬೇಕೆನಿಸಿತು. ಫೋನು ಮಾಡಿ, "ಅಕ್ಕಾ, ಡೈರಿ ಇಟ್ಟೀನಿ!" ಎಂದು ಒದರಿದೆ.

"ಏನಿಟ್ಟೀ?"

"ಡೈರಿ! ಡೈರಿ ಇಟ್ಟೀನಿ!"

"ಹೌದನ್ಲೇ ಪಂಪಾ! ನೌಕರಿ ಬಿಟ್ಟೀಯೇನು?"

"ನೌಕರಿ ಯಾಕ ಬಿಡ್ಲಿ? ಬೆಳಿಗ್ಗೆ ಸ್ವಲ್ಪ, ಸಂಜಿಗೆ ಸ್ವಲ್ಪ!"

"ಎಲ್ಡೂ ಹೊತ್ತು ಮಾಡ್ತೀಯಂದ್ರ ಗಟ್ಟಿ ಅದೀ ಬಿಡು. ಚಲೋ ಬರ್ತೈತಾ?"

ಎಷ್ಟೋ ದಿನಗಳ ಮೇಲೆ ಅಕ್ಕ ಎರಡನೆಯ ಪ್ರಶ್ನೆ ಕೇಳಿದ್ದಳು. ಅವಳಿಗೆ ಎಲ್ಲ ಕೇಳಿಸುತ್ತಿದೆ ಎಂಬ ಸಂತೋಷದಲ್ಲಿ ನನ್ನ ಕಷ್ಟ ತೋಡಿಕೊಂಡೆ. "ಎಲ್ಲಿ ಬರ್ತೈತಕ್ಕ! ಮೊದ್ಲು ಸ್ವಲ್ಪ ಬಂತು, ಈಗ ನಿಂತಬಿಟ್ಟೈತಿ!"

ಅಕ್ಕ ಯೋಚಿಸಿ ಹೇಳಿದಳು: "ಹಿಂಡಿ ಹಾಕು."

ನಾನು ಬೆರಗಾದೆ. ಮನಸ್ಸನ್ನು ಹಿಂಡಿ ಹಾಕು, ಆಗ ಬರಹ ಬರುತ್ತದೆ! ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳ ಬಾಯಲ್ಲಿ ಎಂಥ ಮಾತು! "ಹಿಂಡಿ ಹಾಕೀನಕ್ಕ, ಆದ್ರೂ ಬರವಲ್ದು!" ಎಂದೆ.

"ಹಂಗಾರ ಜುಲುಮಿ ಮಾಡಬ್ಯಾಡ. ಬಾಜೂಕ ಕುಂದ್ರು. ಮೈ ಸವರು, ಮಾತಾಡ್ಸು. ಮಾತಾಡ್ಸಿದ್ರ ತಾನ ಬಿಡತೈತಿ."

ಅಷ್ಟು ವಿಡಿಯೋ ನೋಡಿದ್ದೆ, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಡೈರಿಯ ಮೊದಲ ಪುಟದಲ್ಲಿ, ರಕ್ತದ ಗುಂಪಿನ ಕೆಳಗೆ, ಆ ಮಾತನ್ನು ಬರೆದುಕೊಂಡೆ.

ಅದಾದ ಕೆಲವೇ ದಿನಗಳಲ್ಲಿ ಹೆಡ್‌ಮೇಡಂ ನನ್ನನ್ನು ಕರೆದರು. "ಏನ್ ಮೇಷ್ಟ್ರೆ, ಡೈರಿ ಇಟ್ಟೀರಂತ?" ಎಂದರು. ಸೀರೆಯ ಪ್ರಸಂಗ ಬರೆದಿಟ್ಟಿದ್ದೇನೆಂದು ಇವರಿಗೆ ಅನುಮಾನ ಬಂದಿದೆ ಎಂದುಕೊಂಡು, "ಸುಮ್ಮನ ಮನಿ ಮಟ್ಟಿಗೆ ರೀ ಮೇಡಂ" ಎಂದೆ. "ಮನಿ ಮಟ್ಟಿಗಾದ್ರ ಅಡ್ಡಿ ಇಲ್ರಿ. ಹೊರಗ ಕೊಡಂಗಿದ್ರ ಮ್ಯಾಲಿನವರ ಪರ್ಮಿಷನ್ ಬೇಕಾಗತೈತಿ" ಎಂದರು. "ಹೊರಗ ಎಲ್ಲಿ ಕೊಡ್ಲಿ ರೀ? ಹೆಂಡ್ತಿಗೂ ತೋರ್ಸಿಲ್ಲ" ಎಂದೆ. ಅವರು ನನ್ನನ್ನು ಒಂದು ಥರ ನೋಡಿದರು. ಹೆಂಡತಿಗೆ ತೋರಿಸದೆ ಡೈರಿ ಇಡುವ ಗಂಡಸನ್ನು ಅವರು ಅದುವರೆಗೆ ಕಂಡಿರಲಿಕ್ಕಿಲ್ಲ. ನಾನು ಇನ್ನೂ ಧೈರ್ಯ ತುಂಬೋಣವೆಂದು, "ಅದ್ರಾಗ ನಿಮ್ಮದೇನೂ ಇಲ್ರಿ ಮೇಡಂ" ಎಂದೆ. "ನನ್ನದ್ಯಾಕ ಇರತೈತ್ರಿ?" ಎಂದು ಅವರು ಬಿರಬಿರನೆ ಎದ್ದುಹೋದರು.

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಬೈಕು ನಿಂತಿತು. ಸಿರಿಗೇರಿಯಿಂದ ಅಕ್ಕನ ಮೈದುನ ಈರಣ್ಣ ಬಂದಿದ್ದ. ಬೆನ್ನ ಹಿಂದೆ ಅವನಿಗಿಂತ ಎತ್ತರವಾದ ಭತ್ತದ ಹುಲ್ಲಿನ ಹೊರೆ. ಇಳಿದವನೇ ನಮ್ಮ ಅಂಗಳದಲ್ಲಿದ್ದ ತುಳಸಿಕಟ್ಟೆ, ಸ್ಕೂಟರು, ಬಟ್ಟೆ ಒಣಹಾಕಿದ ಹಗ್ಗ ಎಲ್ಲವನ್ನೂ ನೋಡಿ, "ಮೇಷ್ಟ್ರೆ, ಎಮ್ಮಿ ಎಲ್ಲಿ ಕಟ್ಟೀರಿ?" ಎಂದು ಕೇಳಿದ.

"ಯಾವ ಎಮ್ಮಿ?" ಎಂದೆ.

"ಗೌರಕ್ಕ ಹೇಳ್ಯಾಳಲ್ರಿ. ನಮ್ಮ ತಮ್ಮ ಡೈರಿ ಇಟ್ಟಾನ, ಹಾಲು ನಿಂತಬಿಟ್ಟೈತಂತ, ಶೇಂಗಾ ಹಿಂಡಿಗೂ ಬಗ್ಗವಲ್ದಂತ, ಚಲೋ ಹುಲ್ಲು ಒಯ್ದು ಹಾಕು ಅಂದ್ಲು. ನಮ್ಮೂರಾಗೆಲ್ಲ ಹೇಳೀನಿ."

ನಾನು ಒಳಗೆ ಹೋಗಿ ಡೈರಿ ತಂದು ತೋರಿಸಿದೆ. ಈರಣ್ಣ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದಕ್ಕ ಹುಲ್ಲು ಬೇಕಾಗಿರಲಿಲ್ಲ ಬಿಡ್ರಿ" ಎಂದ. ಶಾರದಾ ತುಳಸಿಕಟ್ಟೆ ಹಿಡಿದುಕೊಂಡು ನಕ್ಕಳು. ತಂದ ಹುಲ್ಲನ್ನು ವಾಪಸು ಒಯ್ಯುವುದು ಮರ್ಯಾದೆಯಲ್ಲವೆಂದು ಈರಣ್ಣ ಅದನ್ನು ನಮ್ಮ ಮಾಳಿಗೆಯ ಮೇಲೆ ಹಾಕಿ ಹೋದ. ಹೆಡ್‌ಮೇಡಂ ಹಾಗೇಕೆ ನೋಡಿದರೆಂಬುದೂ ಆಗ ಹೊಳೆಯಿತು. ನಮ್ಮ ಶಾಲೆಯ ಗುಮಾಸ್ತರ ಊರು ಸಿರಿಗೇರಿಯೇ.

ನಗು ಇಳಿದ ಮೇಲೆ ನನಗೆ ಬೇಜಾರಾಯಿತು. ಅಕ್ಕ ಎರಡನೆಯ ಪ್ರಶ್ನೆ ಕೇಳಿದಳೆಂದು ನಾನು ಹಿಗ್ಗಿದ್ದೆ. ಅವಳು ಕೇಳಿದ್ದು ಎಮ್ಮೆಯ ವಿಷಯ. ಮುಂದಿನ ಭಾನುವಾರ ಡೈರಿಯನ್ನು ಚೀಲದಲ್ಲಿಟ್ಟುಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ.

ಅಕ್ಕ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. "ಎಮ್ಮಿ ಹೆಂಗೈತಿ?" ಎಂದಳು. ನಾನು ಒದರುವುದನ್ನು ಬಿಟ್ಟು ಡೈರಿಯನ್ನು ಅವಳ ಕೈಗಿಟ್ಟೆ. ಕನ್ನಡಕ ಹಾಕಿಕೊಂಡು, ಮೊದಲ ಪುಟದಲ್ಲಿ ತನ್ನ ಮಾತನ್ನೇ ಓದಿ, ಅರ್ಥವಾಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಪುಟ ತಿರುಗಿಸಿದಳು. "ಎದ್ದೆ. ಸ್ನಾನ. ಬಸ್ಸು. ಇದೇನ್ಲೇ, ಹಾಜರಿ ಕೂಗಿದಂಗ ಐತಿ! ಸಾಲ್ಯಾಗ ಏನೂ ಆಗ್ಲಿಲ್ಲೇನು?" ಎಂದಳು. ನಾನು ಕಿವಿಯ ಹತ್ತಿರ ಬಾಯಿಟ್ಟು ಲೋಟದ ಕತೆ ಶುರು ಮಾಡಿದೆ. ಅಕ್ಕ ಕೈ ಅಡ್ಡ ಹಿಡಿದಳು. "ಒದರಬ್ಯಾಡ, ನಿನ್ನ ಗಂಟ್ಲ ಹೋಗತೈತಿ. ಅದ್ರಾಗ ಬರಿ" ಎಂದು ಡೈರಿ ನನ್ನ ಕಡೆ ತಳ್ಳಿದಳು.

ಬರೆದೆ. ಲೋಟ, ರಟ್ಟು, ಚಪ್ಪಾಳೆ, ಮೇಡಂ ಬಂದದ್ದು. ಅಷ್ಟಕ್ಕೆ ಅಕ್ಕ ಡೈರಿ ಎಳೆದುಕೊಂಡು ಓದಿ, ಮುಖ ಎತ್ತಿ, "ಮತ್ತ?" ಎಂದಳು.

ಆ ಒಂದು ಮಾತು ಕೇಳಿ ನಾನು ಅವಳ ಮುಖವನ್ನೇ ನೋಡುತ್ತ ಕೂತೆ. ಅವಳು ಗಮನಿಸಲಿಲ್ಲ, ಅವಳ ಗಮನವೆಲ್ಲ ತಲೆಕೆಳಗಾದ ಲೋಟದ ಮೇಲಿತ್ತು. ನಾನು ಬರೆಯುವುದು, ಅವಳು ಓದಿ "ಮತ್ತ?" ಅನ್ನುವುದು, ಹೀಗೆ ಊಟಕ್ಕೆ ಕರೆಯುವವರೆಗೂ ನಡೆದು, ಊಟ ಆದ ಮೇಲೂ ನಡೆಯಿತು. ತಾರೀಖುಗಳನ್ನು ಲೆಕ್ಕಿಸದೆ ಬರೆದು ಬರೆದು, ನನ್ನ ಡೈರಿಯಲ್ಲಿ ಯುಗಾದಿ ಆಗಲೇ ಮುಗಿದುಹೋಗಿತ್ತು. ಬಣ್ಣದ ಪೆನ್ನು, ಚೌಕ, ಕೃತಜ್ಞತೆ ಏನೂ ಬೇಕಾಗಲಿಲ್ಲ. ಎದುರಿಗೆ ಒಬ್ಬರು ಮುಂದಿನದನ್ನು ಕೇಳುತ್ತಿರಬೇಕು, ಅಷ್ಟೇ ನನ್ನ ಪದ್ಧತಿ.

ಈಗ ದಿನವೂ ಸಂಜೆ ಒಂದು ಪುಟ ಬರೆದು, ಫೋನಿನಲ್ಲಿ ಫೋಟೋ ತೆಗೆದು ಅಕ್ಕನಿಗೆ ಕಳಿಸುತ್ತೇನೆ. ಅಲ್ಲಿಂದ "ಮತ್ತ?" ಎಂದು ಬರುತ್ತದೆ. ಇನ್ನೊಂದು ಪುಟ ಬರೆಯುತ್ತೇನೆ. ಡೈರಿ ಎಂದರೆ ಗುಟ್ಟಾಗಿ ಬರೆಯುವಂಥದ್ದು ಎಂದು ಬಲ್ಲವರು ಹೇಳುತ್ತಾರೆ. ನನ್ನದು ಗುಟ್ಟಾಗಿ ಉಳಿದಿಲ್ಲ. ಅಕ್ಕ ಓದಿ ಆದ ಮೇಲೆ ಅದು ಸಿರಿಗೇರಿಗೆ ಹೋಗುತ್ತದೆಂದು ನನಗೆ ತಡವಾಗಿ ತಿಳಿಯಿತು. ತಿಳಿದದ್ದಾದರೂ ಹೇಗೆ? ಒಂದು ಸಂಜೆ ತಲೆನೋವೆಂದು ಬರೆಯದೆ ಸುಮ್ಮನೆ ಕೂತಿದ್ದೆ. ಫೋನು ಬಂತು. ಶಾರದಾ ಎತ್ತಿ ಸ್ಪೀಕರಿಗೆ ಹಾಕಿದಳು. ಈರಣ್ಣನ ದನಿ: "ಅಕ್ಕಾರ, ಇವತ್ತು ಮೇಷ್ಟ್ರ ಡೈರಿ ಬಂದೇ ಇಲ್ಲಲ್ರಿ. ಎಲ್ಲಾರೂ ಕಾಯ್ಕೊಂಡು ಕುಂತೀವಿ."

ಶಾರದಾ ಬಿಸಿ ಮಿರ್ಚಿಯ ತಟ್ಟೆಯನ್ನು ನನ್ನ ಮುಂದಿಟ್ಟು, "ಸ್ವಲ್ಪ ತಡೀರಿ ಈರಣ್ಣ, ಈಗ ಮುಂದ ಹಾಕೀನಿ. ತಿಂದ ಮ್ಯಾಲ ಬಿಡತೈತಿ" ಎಂದಳು. ಆಮೇಲೆ ನನ್ನ ಬಾಜೂಕ ಕೂತು, ಬೆನ್ನು ಸವರಿ, "ಮತ್ತ?" ಎಂದಳು. ಅಂದು ಈರಣ್ಣ ನಮ್ಮ ಅಂಗಳವೆಲ್ಲ ಹುಡುಕಿದ ಎಮ್ಮೆ ಎಲ್ಲಿತ್ತೆಂದು ನನಗೆ ಆಗ ಗೊತ್ತಾಯಿತು. ಎರಡು ಮಿರ್ಚಿ ತಿಂದು, ಕೈ ಒರೆಸಿಕೊಂಡು, ಪೆನ್ನು ಹಿಡಿದೆ.