ಹೂರಣದ ಬೋಗುಣಿಯಲ್ಲಿ ಖೀಮಾ ಪೈ

ನೋಡಿದ್ದನ್ನು ನೋಡಿದ ಹಾಗೆ ಹೇಳುವುದು ಸುಲಭದ ಕೆಲಸ ಎಂದು ನಾನು ಬಹಳ ವರ್ಷ ನಂಬಿದ್ದೆ. ನಾನು ಭೂಮಾಪಕ. ಅಣ್ಣಿಗೇರಿಯ ಸುತ್ತಲಿನ ಕರಿಮಣ್ಣಿನ ಹೊಲಗಳಲ್ಲಿ ಅಣ್ಣತಮ್ಮಂದಿರು ಒಂದೇ ಬದುವಿನ ಎರಡು ಬದಿಗೆ ನಿಂತು ಒಬ್ಬರನ್ನೊಬ್ಬರು ನುಂಗುವಂತೆ ನೋಡುತ್ತಿರುವಾಗ, ನಡುವೆ ನಿಂತು, ಕಲ್ಲು ಇದ್ದದ್ದು ಇಲ್ಲೇ ಎಂದು ಬರೆದು ಸಹಿ ಹಾಕಿ ಬಂದವನು. ಅಂಥ ನನ್ನ ಬಾಯಿಂದ ಕಳೆದ ಬುಧವಾರ ಸಂಜೆ, ನಮ್ಮದೇ ಹಿತ್ತಲಲ್ಲಿ, ಒಂದು ಅಕ್ಷರ ಹೊರಡಲಿಲ್ಲ. ಆದದ್ದನ್ನು ಆದ ಕ್ರಮದಲ್ಲೇ ಹೇಳುತ್ತೇನೆ.

ನನ್ನ ಹೆಂಡತಿ ಶೈಲಾ ಮೊರಬದ ಶಾಲೆಯಲ್ಲಿ ಶಿಕ್ಷಕಿ. ಬೆಳಿಗ್ಗೆ ಬಸ್ಸಿಗೆ ಹೋದರೆ ತಿರುಗಿ ಬರುವುದು ಸಂಜೆಗೆ. "ವಾರದಾಗ ಒಂದ ದಿನಾರ ನೀವ ಅಡಿಗಿ ಮಾಡ್ರಿ. ಹೊಲಾ ಅಳಿಯೂ ಮನಶಾಗ ಹಿಟ್ಟ ಅಳಿಯೂದು ಏನ ದೊಡ್ಡದು?" ಎಂದಿದ್ದಳು. ಅವಳೇ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಕೆಳಗೆ ಖೀಮಾ, ಅಂದರೆ ಸಣ್ಣಗೆ ಕೊಚ್ಚಿದ ಮಾಂಸ, ಮೇಲೆ ಆಲೂಗಡ್ಡೆ, ಅದರ ಮೇಲೆ ಮೈದಾಹಿಟ್ಟಿನ ಮುಚ್ಚಳ. ಅದಕ್ಕೆ ಪೈ ಎನ್ನುತ್ತಾರಂತೆ. ವಾರದ ಯಾವ ರಾತ್ರಿಗಾದರೂ ಸುಲಭ ಎಂದು ವಿಡಿಯೋದ ಹೆಣ್ಣುಮಗಳು ನಗುತ್ತ ಹೇಳಿದಳು. ಪಾಪ, ಅವಳು ನಮ್ಮ ಮನೆಯ ವಾರವನ್ನು ನೋಡಿಲ್ಲ. ಸೋಮವಾರ ಬಸವಣ್ಣನದು, ಮಂಗಳವಾರ ಮತ್ತು ಶುಕ್ರವಾರ ಎಲ್ಲಮ್ಮನವು, ಗುರುವಾರ ಅವ್ವನ ಒಪ್ಪತ್ತು, ಶನಿವಾರ ಹನುಮಪ್ಪನದು. ರವಿವಾರ ಬೀಗರು ಬರುತ್ತಾರೆ, ಅವರು ಮಾಂಸ ಮುಟ್ಟುವುದಿಲ್ಲ. ಮಾಂಸದ ಪಾಲಿಗೆ ಉಳಿಯುವುದು ಬುಧವಾರ, ಅದೂ ಅಮಾವಾಸ್ಯೆ ಅಡ್ಡ ಬರದಿದ್ದರೆ.

ಇನ್ನೊಂದು ಸಂಗತಿ ಹೇಳಲೇಬೇಕು. ನಮ್ಮಲ್ಲಿ ಮಾಂಸ ಬೇಯುವುದು ಹಿತ್ತಲಿನ ಕಟ್ಟಿಗೆ ಒಲೆಯ ಮೇಲೆ. ಅದರ ಪಾತ್ರೆಗಳೇ ಬೇರೆ, ಅವು ಇರುವ ಹಲಗೆಯೇ ಬೇರೆ. ಅವು ಒಳಗೆ ಬರುವುದಿಲ್ಲ, ಒಳಗಿನವು ಹೊರಗೆ ಹೋಗುವುದಿಲ್ಲ. ಮದುವೆಯಾದ ಹೊಸದರಲ್ಲಿ ಶೈಲಾ ಮಟನ್ ಸಾರಿನ ಸೌಟನ್ನು ಮರೆತು ಬೇಳೆಯ ಪಾತ್ರೆಗೆ ಅದ್ದಿದ್ದಳು. ಅವ್ವ ಬೈಯಲಿಲ್ಲ. ಚೀಲ ಹಿಡಿದು ನವಲಗುಂದದ ನಮ್ಮ ಅಕ್ಕನ ಮನೆಗೆ ಹೋದವಳು ಒಂದು ತಿಂಗಳು ಬರಲಿಲ್ಲ. ಆಮೇಲೆ ಹನ್ನೊಂದು ವರ್ಷ ಶೈಲಾ ದೇವರ ಕೋಣೆಯ ಕಪಾಟನ್ನು ಮುಟ್ಟಿರಲಿಲ್ಲ. ಈ ಯುಗಾದಿಗೆ ಅವ್ವ ತಾನಾಗಿ ಅದರ ಕೀಲಿ ತೆಗೆದು ಅವಳ ಕೈಗಿಟ್ಟು, "ಇನ್ನ ಹೂರಣಾ ನೀನ ಕುದಸು" ಎಂದಳು. ಅಂದು ಶೈಲಾ ಹೊಗೆಯ ನೆಪ ಮಾಡಿ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಹಬ್ಬದ ಹೂರಣ ಕುದಿಸುವ ಹಿತ್ತಾಳೆ ಬೋಗುಣಿ ಇರುವುದು ಆ ಕಪಾಟಿನಲ್ಲಿ. ಅದು ಅವ್ವನಿಗೆ ಅವಳ ತಾಯಿ ಕೊಟ್ಟದ್ದು.

ಬುಧವಾರ ಅವ್ವ ಅಕ್ಕನ ಮನೆಯಲ್ಲಿದ್ದಳು, ಮರುದಿನ ಬರುವವಳಿದ್ದಳು. ನಾನು ಅರ್ಧ ದಿನ ರಜೆ ಹಾಕಿದೆ. ಖೀಮಾ ಹುರಿದೆ, ಆಲೂಗಡ್ಡೆ ಬೇಯಿಸಿದೆ, ಮೈದಾಹಿಟ್ಟನ್ನು ಅಳತೆಪಟ್ಟಿ ಹಿಡಿದು ವೃತ್ತಾಕಾರವಾಗಿ ಕತ್ತರಿಸಿದೆ. ಆಮೇಲೆ ತಿಳಿಯಿತು, ಹೊರಗಿನ ಹಲಗೆಯ ಮೇಲಿನ ಪಾತ್ರೆಗಳ ತಳವೆಲ್ಲ ತೆಳು ಮತ್ತು ದುಂಡು. ಪೈಗೆ ಬೇಕಾದದ್ದು ದಪ್ಪ ತಳ, ಅಗಲ ಬಾಯಿ, ಮೇಲೆ ಕೆಂಡ ಹರಡಲು ಚಪ್ಪಟೆ ಮುಚ್ಚಳ. ಅಂಥದ್ದು ಮನೆಯಲ್ಲಿ ಒಂದೇ ಇತ್ತು. ಶೈಲಾ ಕನ್ನಡಿಯ ಹಿಂದಿನ ಮೊಳೆಗೆ ಹಾಕಿದ್ದ ಕೀಲಿ ತೆಗೆದುಕೊಂಡೆ. ಹುಣಸೆಹಣ್ಣಿನಿಂದ ತಿಕ್ಕಿ, ಅವ್ವ ಬರುವುದರೊಳಗೆ ಇಟ್ಟುಬಿಟ್ಟರಾಯಿತು ಎಂದುಕೊಂಡೆ. ಗಂಡಸು ಅಡಿಗೆಮನೆಯಲ್ಲಿ ಮಾಡುವ ಲೆಕ್ಕಾಚಾರವೇ ಇಷ್ಟು.

ಆರೂವರೆಗೆ ಬೋಗುಣಿ ಒಲೆಯ ಮೇಲಿತ್ತು, ಮುಚ್ಚಳದ ಮೇಲೆ ಕೆಂಡವಿತ್ತು. ಆರೂ ಐವತ್ತಕ್ಕೆ ಮುಂಬಾಗಿಲು ಸದ್ದಾಯಿತು. ಶೈಲಾ ಎಂದುಕೊಂಡು ತಿರುಗಿದರೆ ಅವ್ವ.

"ನಾಳೆ ಬರ್ತೀನಿ ಅಂದಿದ್ದ್ಯಲ್ಲ?"

"ನಾಳೆ ಒಪ್ಪತ್ತೈತಿ. ಪರರ ಮನ್ಯಾಗ ಎಲ್ಲಿ ಹಿಡೀಲಿ?" ಎಂದು ಅವ್ವ ನೇರ ಹಿತ್ತಲಿಗೆ ಬಂದು ಕಟ್ಟೆಯ ಮೇಲೆ ಕುಳಿತಳು. ಒಲೆಯಿಂದ ಆರು ಅಡಿ. ನಾನು ಒಲೆಗೂ ಅವಳಿಗೂ ನಡುವೆ ನಿಂತೆ.

"ಏನ ಮಾಡಾಕತ್ತೀಯೋ?"

"ಖೀಮಾ."

"ಬಾಜು ಸರಿ, ನೋಡೂಣು."

"ಹೊಗಿ ಬರ್ತೈತಿ ಅವ್ವಾ. ನಿನ್ನ ಕಣ್ಣಿಗೆ ಆಗೂದಿಲ್ಲ."

"ಐವತ್ತ ವರ್ಷ ಈ ಒಲಿ ಮುಂದ ಕುಂತೀನಿ. ಇವತ್ತ ಕಣ್ಣಿಗೆ ಹೊಗಿ ಹತ್ತೂದೇನ?"

ನಾನು ಸರಿಯಲಿಲ್ಲ. ಬೆನ್ನಿಗೆ ಒಲೆಯ ಕಾವು, ಎದುರಿಗೆ ಅವ್ವನ ಕಣ್ಣು. ವಿಡಿಯೋದ ಪ್ರಕಾರ ಪೈ ಬೇಯಲು ಇನ್ನೂ ಹತ್ತು ನಿಮಿಷವಿತ್ತು. ಅಷ್ಟರಲ್ಲಿ ಶೈಲಾ ಬಂದಳು. ಬ್ಯಾಗು ಹೆಗಲಲ್ಲಿರುವಾಗಲೇ, "ಅಯ್ಯ, ಹೊತ್ತಾಕತ್ತೈತ್ರಿ! ಸರೀರಿ!" ಎಂದು ನನ್ನನ್ನು ತಳ್ಳಿ, ಸೆರಗಿನಿಂದ ಬೋಗುಣಿಯನ್ನು ಹಿಡಿದೆತ್ತಿ ಕೆಳಗಿಟ್ಟಳು. ಇಟ್ಟ ಮೇಲೆ ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು.

ಅವ್ವ ಎದ್ದು ಬಂದು ಬಗ್ಗಿ, ಮಸಿ ಹಿಡಿದ ಅಂಚನ್ನು ನೋಡಿದಳು.

"ಇದನ್ನ ಯಾರ ತಗದ್ರು?"

ಶೈಲಾ ನನ್ನನ್ನು ನೋಡಿದಳು. ನಾನು ಕೆಂಡ ನೋಡಿದೆ. ಕೆಂಡ ಹದಿನಾಲ್ಕಿದ್ದವು. ಕೀಲಿ ಯಾರ ಬಳಿ ಇತ್ತು ಎಂಬುದು ಅವ್ವನಿಗೆ ಗೊತ್ತು, ನನಗೂ ಗೊತ್ತು. ಹನ್ನೊಂದು ವರ್ಷದ ಮೇಲೆ ಶೈಲಾಳಿಗೆ ಸಿಕ್ಕಿದ್ದು ಅದು. ಬಾಯಿ ತೆರೆಯಬೇಕೆಂದುಕೊಂಡೆ. ತೆರೆಯಲಿಲ್ಲ.

"ನಾ ತಗದೇನ್ರಿ ಅತ್ತಿ," ಎಂದಳು ಶೈಲಾ.

ಅವ್ವ ಅವಳ ಹೆಗಲ ಬ್ಯಾಗನ್ನೂ ಚಪ್ಪಲಿಯ ಧೂಳನ್ನೂ ನಿಧಾನವಾಗಿ ನೋಡಿದಳು. "ಮುಂಜಾನಿಂದ ಸಾಲ್ಯಾಗ ಇದ್ದಾಕಿ, ಮೊರಬದಿಂದ ಕೈ ಚಾಚಿ ತಗದೇನ?"

ಇಬ್ಬರೂ ನನ್ನತ್ತ ತಿರುಗಿದರು.

"ಅವ್ವಾ, ನಾ."

"ಅಲ್ಲೋ, ಊರ ಮಂದಿಗೆ ಬದು ತೋರಸಾಂವ. ಒಳಗ ಯಾವ್ದು, ಹೊರಗ ಯಾವ್ದು ಅಂತ ಮನ್ಯಾಗ ತಿಳೀಲಿಲ್ಲೇನ?" ಅವಳು ಬೆರಳಿನಿಂದ ಅಂಚಿನ ಮಸಿ ಒರೆಸಿದಳು, ಅದು ಹೋಗಲಿಲ್ಲ. "ಇನ್ನ ಇದು ಹೊರಗ. ನಮ್ಮವ್ವನ್ನ ಹೊರಗ ಹಾಕಿದಿ ನೋಡು." ಧ್ವನಿ ಏರಲಿಲ್ಲ. ಏರಿದ್ದರೆ ನನಗೆ ಹಗುರಾಗುತ್ತಿತ್ತು. ಆಮೇಲೆ ಶೈಲಾಳಿಗೆ, "ಕೀಲಿ ನಿನ್ನ ಹತ್ರನ ಇರ್ಲಿ. ಇವನ ಕೈಗೆ ಸಿಗದಂಗ ಇಡು. ಹೂರಣಕ್ಕ ಬ್ಯಾರೆ ಬೋಗುಣಿ ನೋಡೂಣು" ಎಂದಳು.

ಅವ್ವ ಈ ಸಲ ಚೀಲ ಎತ್ತಿಕೊಳ್ಳಲಿಲ್ಲ. ಕೈಕಾಲು ತೊಳೆಯಲು ಹೋದಳು.

ಪೈಯ ಹಿಟ್ಟಿನ ಮುಚ್ಚಳ ಗಡಿಕಲ್ಲಿನಷ್ಟು ಗಟ್ಟಿಯಾಗಿತ್ತು. ಅವ್ವ ಅದನ್ನು ಬದಿಗಿಟ್ಟು, ಒಳಗಿನದನ್ನು ರೊಟ್ಟಿಗೆ ಹಚ್ಚಿಕೊಂಡು ಎರಡು ಸಲ ಹಾಕಿಸಿಕೊಂಡಳು. ಅವಳು ಎದ್ದು ಹೋದ ಮೇಲೆ ಶೈಲಾ ಮೆಲ್ಲಗೆ ಕೇಳಿದಳು:

"ನಾ ಸುಳ್ಳ ಹೇಳೂ ಮುಂದ ಯಾಕ ಸುಮ್ನ ನಿಂತ್ರಿ?"

"ಬಾಯಾಗ ಬಿಸಿ ಆಲೂಗಡ್ಡಿ ಇತ್ತು," ಎಂದೆ.

ಅವ್ವ ಕೇಳಿದ ಹೊತ್ತಿಗೆ ಬೋಗುಣಿಯ ಮುಚ್ಚಳವನ್ನೇ ಯಾರೂ ತೆಗೆದಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಬಾಯಿ ಸುಟ್ಟವನಿಗೆ ಕೊಡುವಂತೆ, ತನ್ನ ಪಕ್ಕದಲ್ಲಿದ್ದ ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿದಳು.