ಒಬ್ಬಟ್ಟಿನ ಕಣಕ ಮತ್ತು ಮೂರು ಮಿಲಿಮೀಟರ್

ಹೆಚ್ಚು ಓದಿದವರಿಗೆ ಒಂದು ಅನುಕೂಲವಿದೆ. ಅವರು ಧಾರಾಳವಾಗಿ "ಗೊತ್ತಿಲ್ಲ" ಅನ್ನಬಹುದು. ಹಾಗೆ ಅಂದರೂ ಗೋಡೆಯ ಮೇಲಿನ ಸರ್ಟಿಫಿಕೇಟು ಕೆಳಗೆ ಬೀಳುವುದಿಲ್ಲ. ಎಂಟನೆಯ ಕ್ಲಾಸಿಗೇ ಶಾಲೆಗೆ ಕೈಮುಗಿದ ನನ್ನಂಥವನು ಅದೇ ಮಾತಾಡಿದರೆ "ಪಾಪ, ಓದಿಲ್ಲ" ಅನ್ನುತ್ತಾರೆ. ಆದ್ದರಿಂದ ಹರಿಹರ ಬಿಟ್ಟು ಫರೀದಾಬಾದಿಗೆ ಬಂದ ದಿನದಿಂದ ನಾನು ಆ ಪದವನ್ನು ಬಾಯಿಂದ ಹೊರಗೆ ಬಿಟ್ಟಿಲ್ಲ. ದಾರಿ ಕೇಳಿದವರಿಗೂ ಯಾವುದಾದರೂ ಒಂದು ದಾರಿ ತೋರಿಸಿಯೇ ಕಳಿಸಿದ್ದೇನೆ.

ನನ್ನದು ಎಂಜಿನ್ ಕೆಲಸ. ಮನೆಯ ಕೆಳಗೇ ವರ್ಕ್‌ಶಾಪು. ಸಾಧಾರಣ ರಿಪೇರಿಯಲ್ಲ, ರೇಸಿನ ಹುಚ್ಚಿನವರು ತರುವ ಕಾರುಗಳ ಎಂಜಿನ್ ಬಿಚ್ಚಿ, ಜೋರಾಗಿ ಓಡುವ ಹಾಗೆ ಮತ್ತೆ ಕಟ್ಟುವುದು. ಬಾಗಿಲ ಮೇಲೆ ಹಿಂದಿಯಲ್ಲಿ ಬೋರ್ಡು ಬರೆಸಿದ್ದೇನೆ: ಇಲ್ಲಿ ಒಮ್ಮೆ ಮುಚ್ಚಿದ ಎಂಜಿನ್ ಎರಡನೇ ಸಲ ಬಿಚ್ಚುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಆ ಬೋರ್ಡಿನ ಮಾನ ಕಾಪಾಡಿಕೊಂಡು ಬಂದಿದ್ದೆ. ಅಳತೆ ಎಂದರೆ ನನಗೆ ಪ್ರಾಣ. ಜೇಬಿನಲ್ಲಿ ಪೆನ್ನಿಲ್ಲ, ವರ್ನಿಯರ್ ಕ್ಯಾಲಿಪರ್ ಇರುತ್ತದೆ. ಮದುವೆಯಾದ ಹೊಸದರಲ್ಲಿ ಸರೋಜ ಹಾಕಿಕೊಟ್ಟ ದೋಸೆಯ ದಪ್ಪ ಅಳೆದು, ಅಂಚಿಗೂ ನಡುವಿಗೂ ಎಷ್ಟು ವ್ಯತ್ಯಾಸ ಎಂದು ತಿಳಿಸಿದ್ದೆ. ಆಮೇಲೆ ಹದಿನೈದು ದಿನ ಬ್ರೆಡ್ಡು ತಿಂದೆ. ಬ್ರೆಡ್ಡಿನ ದಪ್ಪ ಮಾತ್ರ ಎಲ್ಲ ಕಡೆ ಒಂದೇ ಇತ್ತು.

ಈ ಯುಗಾದಿಗೆ ಬಂದದ್ದು ಮೂರ್ತಿಗಳ ಎಂಜಿನ್. ಮೂರ್ತಿಗಳು ಮೈಸೂರಿನವರು, ಸರ್ಕಾರದ ಯಾವುದೋ ಸಚಿವಾಲಯದಿಂದ ನಿವೃತ್ತರಾಗಿ ಇಲ್ಲೇ ಹತ್ತಿರದ ದ್ವಾರಕಾ ಬಡಾವಣೆಯಲ್ಲಿದ್ದಾರೆ. ಆಫೀಸಿನಲ್ಲಿ ಮೂವತ್ತೈದು ವರ್ಷ ಫೈಲುಗಳನ್ನು ನಿಧಾನವಾಗಿ ಓಡಿಸಿದ ಬೇಜಾರಿಗೋ ಏನೋ, ಈಗ ತಮ್ಮ ಹಳೆಯ ಕಾರನ್ನು ಜೋರಾಗಿ ಓಡಿಸಬೇಕು ಎಂಬ ಆಸೆ ಅವರಿಗೆ. ಭಾನುವಾರ ಗ್ರೇಟರ್ ನೋಯ್ಡಾ ಕಡೆಯ ಟ್ರ್ಯಾಕಿನಲ್ಲಿ ಓಡಿಸಲು ಹೆಸರು ಕೊಟ್ಟಿದ್ದರು. ಇಂಟರ್ನೆಟ್ಟಿನಲ್ಲಿ ಹುಡುಕಿ ಕ್ಯಾಮ್‌ಶಾಫ್ಟು ಒಂದು ಕಡೆಯಿಂದ, ಸ್ಪ್ರಿಂಗು ಇನ್ನೊಂದು ಕಡೆಯಿಂದ, ವಾಲ್ವುಗಳು ಮತ್ತೊಂದು ಕಡೆಯಿಂದ ತರಿಸಿ, ಟ್ಯಾಗು ಕಟ್ಟಿದ ಫೈಲಿನ ಜೊತೆ ನನ್ನ ಮುಂದಿಟ್ಟರು. "ಎಲ್ಲವೂ ಫಸ್ಟ್ ಕ್ಲಾಸ್ ಮಾಲು, ಬಸಣ್ಣ. ನೀವು ಜೋಡಿಸಿದರೆ ಮುಗೀತು."

ಮುಗಿಯುವುದಿಲ್ಲ. ವಾಲ್ವುಗಳೆಂದರೆ ಎಂಜಿನ್ನಿನ ಹೆಡ್ಡಿನಲ್ಲಿ, ಅಂದರೆ ಮೇಲಿನ ಮುಚ್ಚಳದಲ್ಲಿ, ಇರುವ ಬಾಗಿಲುಗಳು. ಕ್ಯಾಮ್‌ಶಾಫ್ಟು ಅವನ್ನು ತಳ್ಳಿ ತೆರೆಯುತ್ತದೆ, ಸ್ಪ್ರಿಂಗು ಎಳೆದು ಮುಚ್ಚುತ್ತದೆ. ಒಂದೊಂದೂ ಎಷ್ಟೇ ಫಸ್ಟ್ ಕ್ಲಾಸ್ ಇರಲಿ, ಒಂದರ ಅಳತೆಗೆ ಇನ್ನೊಂದು ಹೊಂದಬೇಕು. ದೊಡ್ಡ ಕ್ಯಾಮ್ ಹಾಕಿದರೆ ಬಾಗಿಲು ಹೆಚ್ಚು ಕೆಳಗಿಳಿಯುತ್ತದೆ. ಕೆಳಗಿನಿಂದ ಪಿಸ್ಟನ್ ಮೇಲೆ ಬರುತ್ತಿರುತ್ತದೆ. ನಡುವೆ ಎರಡು ಮಿಲಿಮೀಟರಾದರೂ ಜಾಗ ಬೇಕು. ಇಲ್ಲದಿದ್ದರೆ ಎರಡೂ ಡಿಕ್ಕಿ ಹೊಡೆದು ಇಡೀ ಎಂಜಿನ್ ಗುಜರಿಗೆ. ಒಳಗಿನ ಆ ಜಾಗವನ್ನು ಅಳೆಯುವ ಉಪಾಯ ಸುಲಭ. ಪಿಸ್ಟನ್ ಮೇಲೆ ಮಕ್ಕಳಾಡುವ ಕ್ಲೇ ಮೆತ್ತಬೇಕು, ಹೆಡ್ ಕೂರಿಸಿ ಕೈಯಲ್ಲಿ ಎರಡು ಸುತ್ತು ತಿರುಗಿಸಬೇಕು, ಮತ್ತೆ ಹೆಡ್ ತೆಗೆದು, ವಾಲ್ವು ಒತ್ತಿದಲ್ಲಿ ಕ್ಲೇ ಎಷ್ಟು ದಪ್ಪ ಉಳಿದಿದೆ ನೋಡಬೇಕು.

ಯುಗಾದಿಯ ಬೆಳಿಗ್ಗೆ ನೋಡಿದರೆ ನನ್ನ ಕ್ಲೇ ಒಣಗಿ ಇಟ್ಟಿಗೆಯಾಗಿತ್ತು. ಅಂಗಡಿ ತೆರೆಯುವವರೆಗೆ ಕಾಯುವ ಜಾಯಮಾನ ನನ್ನದಲ್ಲ. ಅಡುಗೆಮನೆಗೆ ಹೋದೆ. ಸರೋಜ ಆಗಷ್ಟೇ ಒಬ್ಬಟ್ಟಿಗೆ ಕಣಕ ಕಲಸಿಟ್ಟು ಸ್ನಾನಕ್ಕೆ ಹೋಗಿದ್ದಳು. ಬೆರಳಿಂದ ಒತ್ತಿ ನೋಡಿದೆ. ಕ್ಲೇಗಿಂತ ನುಣುಪು. ಒಂದು ಮುಷ್ಟಿ ಕಿತ್ತು ಡಬ್ಬಿಗೆ ಹಾಕಿಕೊಂಡೆ. ಕಾಲೇಜಿಗೆ ಹೋಗುವ ಮಗಳು ಫೋನಿನಿಂದ ತಲೆಯೆತ್ತಿ, "ಪಪ್ಪಾ, ಅದು ಮಮ್ಮಿ ಕಾ ಆಟಾ ಹೈ" ಅಂದಳು, ಅಮ್ಮನ ಹಿಟ್ಟು ಎಂದು. "ಗೊತ್ತು" ಅಂದೆ. ನನಗೆ ಎಲ್ಲವೂ ಗೊತ್ತು.

ಅಳತೆ ಮೂರು ಮಿಲಿಮೀಟರ್ ಬಂತು. ಧಾರಾಳ ಜಾಗ. ಹೊಸ ಗ್ಯಾಸ್ಕೆಟ್ ಇಟ್ಟು, ಹೆಡ್ ಬಿಗಿದು, ಹನ್ನೊಂದು ಗಂಟೆಗೆಲ್ಲ ಕೈ ತೊಳೆದು ಮೂರ್ತಿಗಳಿಗೆ ಫೋನ್ ಮಾಡಿದೆ. "ಮೂರು ಮಿಲಿಮೀಟರ್ ಸರ್. ಭಾನುವಾರ ಕಣ್ಣು ಮುಚ್ಚಿ ಓಡಿಸಿ. ಈಗ ಊಟಕ್ಕೆ ಬನ್ನಿ, ಇವತ್ತು ನಮ್ಮಲ್ಲಿ ಒಬ್ಬಟ್ಟು."

ಮೇಲೆ ಬಂದರೆ ಸರೋಜ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ರೀ, ಕಣಕ ಏನಾಯ್ತು?"

ನಾನು ಹೆಮ್ಮೆಯಿಂದಲೇ ಹೇಳಿದೆ. ಕ್ಲೇ, ಪಿಸ್ಟನ್, ಮೂರು ಮಿಲಿಮೀಟರ್. ಕೇಳಿಸಿಕೊಂಡು ಅವಳು ಪಾತ್ರೆ ಎಳೆದು ಕಣಕದ ನಡುವೆ ಹೆಬ್ಬೆರಳು ಊರಿ ತೆಗೆದಳು. ಗುಳಿ ಬಿತ್ತು. ಇಬ್ಬರೂ ನೋಡುತ್ತಾ ನಿಂತೆವು. ಗುಳಿ ಮೆಲ್ಲಗೆ ತುಂಬಿಕೊಂಡು ಮೇಲೆ ಬಂತು.

"ಕಣಕ ಒತ್ತಿದ್ರೆ ಒತ್ತಿದ ಹಾಗೇ ಇರುತ್ತೇನ್ರಿ? ಎಣ್ಣೇಲಿ ನೆನೆಯೋ ತನಕ ರಬ್ಬರ್ ಇದ್ದ ಹಾಗೆ. ಹೆಡ್ ಬಿಚ್ಚೋಕೆ ಎಷ್ಟು ಹೊತ್ತು ಹಿಡೀತು ನಿಮಗೆ?"

"ಅರ್ಧ ಗಂಟೆ."

"ಅರ್ಧ ಗಂಟೇಲಿ ಉಬ್ಬಿರೋದನ್ನ ಅಳೆದು ಬಂದಿದೀರಿ."

ಹಾಗಾದರೆ ನಿಜವಾದ ಜಾಗ ಎಷ್ಟು? ಬಿಚ್ಚದೆ ತಿಳಿಯುವುದಿಲ್ಲ. ಬಿಚ್ಚಿದರೆ ಬೋರ್ಡಿನ ಮಾನ ಹೋಗುತ್ತದೆ, ಬಿಚ್ಚದಿದ್ದರೆ ಎಂಜಿನ್. ಐದು ನಿಮಿಷ ಬೋರ್ಡಿನ ಪರವಾಗಿಯೇ ಯೋಚಿಸಿದೆ ಎಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಸರೋಜ ನನ್ನ ಮುಖ ನೋಡಿ, ಬಟ್ಟಲಲ್ಲಿ ಎರಡು ಚಮಚ ಹೂರಣ ಹಾಕಿಕೊಟ್ಟಳು. "ಇದು ಗಟ್ಟಿಯಾಗಿದೆ. ಒತ್ತಿದ ಹಾಗೇ ಇರುತ್ತೆ. ಹೋಗಿ."

ಎರಡು ಚಮಚದಲ್ಲಿ ಆಗುವ ಕೆಲಸವೇ? ಒಮ್ಮೆ ಏಮಾರಿದವನು ನಾನು. ಅವಳು ಆ ಕಡೆ ತಿರುಗಿದಾಗ ಪಾತ್ರೆಯಿಂದ ಇನ್ನಷ್ಟು ತೋಡಿಕೊಂಡೆ. ಕೆಳಗೆ ಹೋಗಿ, ಬೋರ್ಡಿಗೆ ಬೆನ್ನು ತಿರುಗಿಸಿ ಹೆಡ್ ಬಿಚ್ಚಿದೆ. ವಾಲ್ವುಗಳಿಗೆ ಅಂಟದಂತೆ ಎಣ್ಣೆ ಸವರಿ, ನಾಲ್ಕೂ ಪಿಸ್ಟನ್ನಿಗೆ ಹೂರಣ ಮೆತ್ತಿ, ತಿರುಗಿಸಿ, ತೆಗೆದು ಅಳೆದೆ. ನಂಬಿಕೆ ಬರಲಿಲ್ಲ. ಒರೆಸಿ, ಹೊಸ ಹೂರಣ ಮೆತ್ತಿ ಮತ್ತೆ ಅಳೆದೆ. ಒಂದು ಮಿಲಿಮೀಟರಿಗೂ ಕಡಿಮೆ. ಭಾನುವಾರ ಮೂರ್ತಿಗಳು ನಿಜವಾಗಿಯೂ ಕಣ್ಣು ಮುಚ್ಚಬೇಕಾಗುತ್ತಿತ್ತು.

ಅಷ್ಟರಲ್ಲಿ ಹಿಂದಿನಿಂದ ಗಂಟಲು ಸರಿಮಾಡಿಕೊಂಡ ಸದ್ದು. ಮೂರ್ತಿಗಳು ಬಂದು ನಿಂತಿದ್ದರು, ಕಂಕುಳಲ್ಲಿ ಫೈಲು. ಬಿಚ್ಚಿದ ಎಂಜಿನ್ ನೋಡಿದರು, ಬೋರ್ಡು ನೋಡಿದರು, ಬಗ್ಗಿ ಪಿಸ್ಟನ್ ಮೂಸಿದರು.

"ಬಸಣ್ಣ, ಏಲಕ್ಕಿ ವಾಸನೆ ಬರ್ತಿದೆಯಲ್ಲ. ಯಾಕೆ?"

ನಾಲಿಗೆಯ ತುದಿಗೆ ಹತ್ತು ಉತ್ತರ ಬಂದವು. ವಿದೇಶಿ ಪೇಸ್ಟು ಅನ್ನಬಹುದಿತ್ತು. ಆದರೆ ಆ ಕಾರಿನಲ್ಲಿ ಕೂರುವುದು ಅವರ ಜೀವ. "ಸರ್, ಬೆಳಿಗ್ಗೆ ಕಣಕದಲ್ಲಿ ಅಳೆದು ಹೇಳಿದ್ದು ತಪ್ಪು, ಈಗ ಹೂರಣದಲ್ಲಿ ಅಳೆದರೆ ಒಂದು ಮಿಲಿಮೀಟರೂ ಇಲ್ಲ. ಕಣಕ ಉಬ್ಬುತ್ತೆ ಅಂತ ನನಗೆ ಗೊತ್ತಿರಲಿಲ್ಲ" ಅಂದೆ. ಪದ ಹೊರಗೆ ಬಂದೇಬಿಟ್ಟಿತು. ಆಕಾಶವೇನೂ ಬೀಳಲಿಲ್ಲ.

ಮೂರ್ತಿಗಳು ಫೈಲು ತೆರೆದು, ನಿಧಾನವಾಗಿ ಬರೆದು ಸಹಿ ಹಾಕಿದರು. ಇಣುಕಿದೆ: ದೊಡ್ಡ ಕ್ಯಾಮ್ ಕೈಬಿಡಲಾಗಿದೆ, ಹಳೆಯ ಕ್ಯಾಮ್, ವಾಲ್ವು, ಸ್ಪ್ರಿಂಗುಗಳನ್ನೇ ಮುಂದುವರಿಸುವುದು, ಆಧಾರ ಹೂರಣ. "ಭಾನುವಾರ ಕೊನೆಯವನಾಗಿ ಬಂದ್ರೂ ಪರವಾಗಿಲ್ಲ, ವಾಪಸ್ ಬಂದ್ರೆ ಸಾಕು. ಚಲೋ, ಊಟ ಮಾಡೋಣ" ಅಂದರು.

ಊಟಕ್ಕೆ ಕೂತೆವು. ಮೂರ್ತಿಗಳ ಎಲೆಯಲ್ಲಿ ಕೊಬ್ಬಿದ ಒಬ್ಬಟ್ಟು, ಮಗಳದ್ದೂ ಹಾಗೆಯೇ. ನನ್ನ ಎಲೆಗೆ ಬಿದ್ದದ್ದು ಎದುರಿನ ಗೋಡೆ ಕಾಣುವಷ್ಟು ತೆಳು. ಹಾಳು ಅಭ್ಯಾಸ, ಕೈ ತಾನಾಗಿ ಜೇಬಿಗೆ ಹೋಯಿತು. ಮುರಿದು, ಹೂರಣದ ದಪ್ಪಕ್ಕೆ ವರ್ನಿಯರ್ ಹಿಡಿದೆ.

"ಒಂದು ಮಿಲಿಮೀಟರಿಗೂ ಕಡಿಮೆ ಇದೆಯಲ್ಲೇ" ಅಂದೆ.

"ಉಳಿದಿದ್ದು ನಿಮ್ಮ ಪಿಸ್ಟನ್ ಮೇಲಿದೆ" ಅಂದಳು ಸರೋಜ. "ಬೇಕಿದ್ರೆ ಇನ್ನೊಂದು ಸಲ ಬಿಚ್ಚಿ."