ಮೇಜಿನ ಮೇಲೆ ಬಿಚ್ಚಿಟ್ಟ ರ‍್ಯಾಮ್

ಹರಿಹರದಿಂದ ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಬಂದು, ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವವನು ನಾನು. ಕಿಟಕಿ ಪಕ್ಕ ಸೀಟು ಸಿಕ್ಕರೆ ಅರ್ಧ ನಿದ್ದೆ, ಅರ್ಧ ಕನಸು. ಆದರೆ ಜನರ ಮನೆಯಲ್ಲಿ ನಡೆಯುವಂಥದ್ದು ಕನಸಿನಲ್ಲೂ ನಡೆಯುವುದಿಲ್ಲ. ವಿದ್ಯಾನಗರದ ಒಂದೇ ಮನೆಯಲ್ಲಿ, ಒಂದೇ ವಾರದಲ್ಲಿ ಆದದ್ದನ್ನಷ್ಟೇ ಹೇಳ್ತೀನಿ.

೧. ಅರ್ಧ ಮಿದುಳು

ಮನೆಯಲ್ಲಿ ಇದ್ದವರು ಕಾಲೇಜಿನ ಲೆಕ್ಚರರ್ ಮೇಡಂ, ಅವರ ಅತ್ತೆ. ಮೇಡಂ ಸೋಮವಾರ ಪಿಎಚ್‌ಡಿ ಪ್ರಬಂಧ ಕೊಡಬೇಕು, ಕೊನೆಯ ಅಧ್ಯಾಯ ಬಾಕಿ. ಹತ್ತು ಸಾಲು ಬರೆಯುವಷ್ಟರಲ್ಲಿ ಪರದೆ ನೀಲಿಯಾಗಿ ಕಂಪ್ಯೂಟರ್ ಬಂದ್. ಫೈಲನ್ನು ಬೇರೆ ಕಂಪ್ಯೂಟರಿಗೆ ಹಾಕಿದರೆ ಅವರ ಕನ್ನಡ ಫಾಂಟು ಕೂರದೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ.

"ಆರು ವರ್ಷದ ಕೆಲಸ ರೀ. ಈ ಸೋಮವಾರ ತಪ್ಪಿದ್ರೆ ಎಲ್ಲಾ ನೀರಾಗೆ ಹೋಮ," ಅಂದರು. ಕಣ್ಣು ತುಂಬಿತ್ತು.

ನನಗೆ ಅನುಮಾನ ರ‍್ಯಾಮ್ ಮೇಲೆ. ಕಂಪ್ಯೂಟರಿನ ನೆನಪು ಇರುವ, ಗೇಣುದ್ದವೂ ಇಲ್ಲದ ಪಟ್ಟಿ, ಒಂದಂಚಿಗೆ ಬಂಗಾರದ ಬಣ್ಣದ ಹಲ್ಲು; ಒಳಗಿನ ಬೋರ್ಡಿಗೆ ತಾಗುವುದು ಅದೇ. ಎರಡಿದ್ದವು. ಒಂದನ್ನು ಬಿಚ್ಚಿ ಮೇಜಿನ ಮೇಲಿಟ್ಟು, "ಇನ್ನೊಂದರಾಗೆ ಎರಡು ದಿನ ನಡೆಸ್ರಿ. ಸರಿ ಹೋತು ಅಂದ್ರೆ ಹೊರಗಿರೋನೇ ಕಳ್ಳ," ಅಂದೆ.

ಅತ್ತೆ ಕನ್ನಡಕ ಏರಿಸಿ ನೋಡಿದರು. "ಅರ್ಧ ಮಿದುಳು ತೆಗೆದ್ರೆ ಚುರುಕಾಗ್ತೈತಾ ತಮ್ಮಾ? ನಮ್ಮ ಯಜಮಾನ್ರು ಇದ್ದಾಗ ನೀನೆಲ್ಲಿದ್ದಿ?"

೨. ಅಂಕಿಗಳ ಜೋಗುಳ

ಎರಡು ದಿನ ಕಂಪ್ಯೂಟರ್ ಚೆನ್ನಾಗಿ ನಡೆಯಿತು. ಅಲ್ಲಿಗೇ ಬಿಡಬಹುದಿತ್ತು. ನನ್ನದೊಂದು ಕೆಟ್ಟ ಚಾಳಿ, ಕಳ್ಳ ಸಿಕ್ಕರೂ ಬಾಯಿ ಬಿಡಿಸಬೇಕು. ಶನಿವಾರ ಹೋಗಿ ಒಳಗಿದ್ದ ಒಳ್ಳೇ ಪಟ್ಟಿ ಬಿಚ್ಚಿ ಮೇಜಿಗಿಟ್ಟೆ. ಅನುಮಾನದ್ದನ್ನು ಸರಿಯಾಗಿ ನೋಡದೇ ಒಳಗೆ ತುರುಕಿ ಪರೀಕ್ಷೆಗೆ ಹಚ್ಚಿದೆ. ಅದು ಗಂಟೆಗಟ್ಟಲೆ ನಡೆಯುತ್ತೆ; ಪರದೆ ತುಂಬ ಅಂಕಿ ಓಡ್ತವೆ, ಅಷ್ಟೇ.

ಮಧ್ಯಾಹ್ನದ ಹೊತ್ತು. ಅತ್ತೆ ಕೊಟ್ಟ ಮಂಡಕ್ಕಿ, ಮಿರ್ಚಿ ಹೊಟ್ಟೆಯಲ್ಲಿ ಬೆಚ್ಚಗಿತ್ತು. ಫ್ಯಾನು ಮೆಲ್ಲಗೆ ತಿರುಗ್ತಿತ್ತು. ನೋಡ್ತಾ ನೋಡ್ತಾ ಅಂಕಿಗಳು ತುಂಗಭದ್ರೆಯ ನೀರಾದವು. ನಾನು ಹರಿಹರದ ಸೇತುವೆ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೆ. ಊರಿನ ಕಂಪ್ಯೂಟರುಗಳೆಲ್ಲ ಕೆಳಗೆ ತೆಪ್ಪದ ಹಾಗೆ ತೇಲ್ತಾ ಹೋಗ್ತಿದ್ದವು, ಒಂದೂ ಕೆಟ್ಟಿರಲಿಲ್ಲ. ಅಂಥ ಸುಖ ನನಗೆ ಎಚ್ಚರದಲ್ಲಿ ಸಿಕ್ಕಿದ್ದೇ ಇಲ್ಲ.

ಎದ್ದು ನೋಡಿದರೆ ಪರದೆ ಕಪ್ಪು.

"ನಾನೇ ಆರಿಸಿದೆ," ಅಂದರು ಅತ್ತೆ. "ನೀನೂ ಮಲಗಿದ್ದಿ. ಇನ್ನ ಅದು ಯಾರಿಗೆ ತೋರ್ಸಾಕೆ ಓಡಬೇಕು?"

೩. ಬಂಗಾರದ ಹಣೆ

ಮತ್ತೆ ಹಚ್ಚಿದೆ. ಐದೇ ನಿಮಿಷಕ್ಕೆ ತಪ್ಪುಗಳ ಸಾಲು. ಸಿಕ್ಕಿಬಿದ್ದ ಮಗ ಅಂದುಕೊಂಡು ಒಳ್ಳೇದನ್ನು ವಾಪಸ್ ಹಾಕಿದರೆ ಕಂಪ್ಯೂಟರ್ ಏಳಲೇ ಇಲ್ಲ, ಬರೀ ಪೀಂ ಪೀಂ. ಬೋರ್ಡೇ ಹೋಗೈತೆ ಅಂದುಬಿಟ್ಟೆ. ಮೇಡಂ ಎದ್ದು ಒಳಗೆ ಹೋದರು. ನಾಡಿದ್ದೇ ಸೋಮವಾರ.

ಎರಡೂ ಪಟ್ಟಿ ಕಿಟಕಿ ಬೆಳಕಿಗೆ ಹಿಡಿದೆ. ಅನುಮಾನದ್ದರ ಹಲ್ಲಿನ ಮೇಲೆ ವಿಭೂತಿಯ ಮೂರು ಗೆರೆ.

ಅತ್ತೆ ಹತ್ತಿರ ಬಂದು ಪಿಸುಗುಟ್ಟಿದರು. "ಎರಡು ದಿನ ಮೇಜಿನ ಮೇಲೆ ಅನಾಥ ಬಿದ್ದಿತ್ತು ತಮ್ಮಾ, ಒಳ್ಳೇದಾಗ್ಲಿ ಅಂತ ಹಚ್ಚಿದೆ. ಹೊಳೆಯೋ ಕಡೆನೇ ಹಣೆ ಅಂದ್ಕೊಂಡೆ. ಸೊಸಿಗೆ ಹೇಳಬ್ಯಾಡ, ಓದಿದಾಕಿ, ನಗ್ತಾಳೆ."

"ಇದಕ್ಕೆ ಕುಂಕುಮ?" ಅಂತ ಒಳ್ಳೇ ಪಟ್ಟಿ ತೋರಿಸಿದೆ.

"ಅದು ನಂದಲ್ಲ," ಅಂತ ಚಹಾ ಇಡಲು ಹೋದರು.

ರಬ್ಬರಿನಿಂದ ಒಳ್ಳೇದರ ಹಲ್ಲು ಉಜ್ಜಿ ಹಾಕಿದೆ. ಕಂಪ್ಯೂಟರ್ ಎದ್ದಿತು. ಸದ್ದಿಗೆ ಮೇಡಂ ಓಡಿ ಬಂದರು, ನಾನು ಕೆಂಪಾದ ರಬ್ಬರ್ ತೋರಿಸಿದೆ. ಅವರು ಅಡಿಗೆಮನೆ ಕಡೆ ಒಮ್ಮೆ ನೋಡಿ, "ನೀವು ಮಲಗಿದ್ರಲ್ಲ, ನನಗೆ ಜೀವ ಹೋದಂಗಾತು. ಒಂದು ಚೂರು ಹಚ್ಚಿದೆ. ಯಾರಿಗೂ ಹೇಳಬ್ಯಾಡ್ರಿ," ಅಂದರು.

"ಅದರಾಗೆ ನಾಚಿಕೆ ಯಾಕ ಮೇಡಂ? ಯಾರು ಹಚ್ಚಲ್ಲ?"

ಸೋಮವಾರ ಪ್ರಬಂಧ ಹೊತ್ತಿಗೆ ಸರಿಯಾಗಿ ಹೋಯಿತು ಅನ್ನಿ. ಆದರೆ ಆ ಶನಿವಾರ ಮೇಡಂ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮೇಲೆ ಪ್ರಬಂಧದ ಹೆಸರು, 'ಹಳ್ಳಿ ಜನರಲ್ಲಿ ಮೂಢನಂಬಿಕೆಗಳು'. ಕೆಳಗೆ, ಇನ್ನೂ ಬರೆಯಬೇಕಿದ್ದ ಕೊನೆಯ ಅಧ್ಯಾಯ, 'ವಿದ್ಯಾವಂತರಲ್ಲಿ ಅವು ಮಾಯವಾದ ಬಗೆ'.